ಕರಿಯದ ಕರಿಗಡುಬು

(ಸಂಘದ ಸಂಸ್ಥಾಪನಾ ದಿನದಂದು ಲಿಟಲ್ ಐಲ್ಯಾಂಡಿನಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಮಾರಂಭಗಳಲ್ಲಿ ಒಬ್ಬ ವೈದ್ಯರನ್ನು ಹಿಡಿದು ತಂದು ಹೃದಯದ ಆರೋಗ್ಯದ ಬಗ್ಗೆ ನಾಲ್ಕು ಮಾತು ಆಡಿಸುವುದು ವಾಡಿಕೆ. ಸಭಿಕರು ಅದನ್ನು ಶ್ರದ್ಧೆಯಿಂದ ಕೇಳಿ, ತಲೆದೂಗಿ, ಆಮೇಲೆ ನೇರವಾಗಿ ಊಟದ ಸಾಲಿಗೆ ಹೋಗಿ ಎರಡೆರಡು ಜಾಮೂನು ಹಾಕಿಸಿಕೊಳ್ಳುವುದೂ ವಾಡಿಕೆಯೇ. ಊರಿನಲ್ಲಿ ಎಂ.ಬಿ.ಬಿ.ಎಸ್. ಓದಿ, ರೆಸಿಡೆನ್ಸಿಯ ರಾತ್ರಿಗಳನ್ನು ಕಳೆದು, ಈಗ ನಲವತ್ತು ದಾಟಿರುವ ನಮಗೆ ಈ ಎರಡು ವಾಡಿಕೆಗಳ ಪರಿಚಯವೂ ಚೆನ್ನಾಗಿದೆ. ಆದ್ದರಿಂದ ಈ ಸಲ ಸಮಿತಿಯವರ ಅಪ್ಪಣೆ ಪಡೆದು, ಭಾಷಣವನ್ನೇ ಊಟದ ಸಾಲಿಗೆ ಒಯ್ಯೋಣ ಎಂದುಕೊಂಡೆವು. ಇಂದಿನ ವಿಷಯ: ಏರ್ ಫ್ರೈಯರ್‌ನಲ್ಲಿ ಕರಿಗಡುಬು.

ನಗಬೇಡಿ. ವಿಷಯ ನೀವೆಣಿಸಿದಷ್ಟು ಹಗುರವಾದದ್ದಲ್ಲ. ಈ ಸಭೆಯಲ್ಲಿರುವ ಮನೆಗಳಲ್ಲಿ ಕಳೆದ ದೀಪಾವಳಿಗೆ ಕರಿಗಡುಬು ಕರಿದವರು ಕೈ ಎತ್ತಿ ಎಂದರೆ ಎಷ್ಟು ಕೈ ಮೇಲೇಳುತ್ತವೆ? ಅಡಿಗೆಮನೆಯೂ ನಡುಮನೆಯೂ ಒಂದೇ ಆಗಿರುವ ಬಾಡಿಗೆ ಮನೆ. ನೆಲಕ್ಕೆ ಕಾರ್ಪೆಟ್. ಬಾಣಲೆ ಕಾದರೆ ಸಾಕು, ಚಾವಣಿಯ ಹೊಗೆ ಗಂಟೆ ಕೂಗಿಕೊಳ್ಳುತ್ತದೆ. ಕಿಟಕಿ ತೆಗೆಯೋಣವೆಂದರೆ ಕಾರ್ಕಿನ ನವೆಂಬರ್ ತಿಂಗಳು, ಮಳೆ ಅಡ್ಡಡ್ಡ ಬೀಳುತ್ತದೆ. ಮಾರನೆಯ ದಿನ ಕೋಟಿನಿಂದ ಎಣ್ಣೆಯ ವಾಸನೆ ಬಂದು, ಕೋವ್‌ನಿಂದ ಬರುವ ರೈಲಿನಲ್ಲಿ ಪಕ್ಕದವರು ಮೂಗು ಅರಳಿಸುತ್ತಾರೆ. ಒಬ್ಬರಿಗೆ ಇಲ್ಲಿಯ ಔಷಧ ಕಾರ್ಖಾನೆಯಲ್ಲಿ ಪಾಳಿ, ಇನ್ನೊಬ್ಬರಿಗೆ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ. ಕೊನೆಗೆ ಉಳಿದ ಒಂದು ಲೀಟರ್ ಎಣ್ಣೆಯನ್ನು ಎಲ್ಲಿ ಹಾಕುವುದು? ಸಿಂಕಿಗೆ ಸುರಿದರೆ ಕೊಳವೆ ಕಟ್ಟುತ್ತದೆ. ಇಟ್ಟುಕೊಂಡು ಮತ್ತೆ ಮತ್ತೆ ಕಾಯಿಸಿದರೆ ವೈದ್ಯರಾದ ನಾವು ಬೈಯುತ್ತೇವೆ. ಹೀಗೆ ಒಂದೊಂದು ಕಾರಣಕ್ಕೆ ಒಂದೊಂದು ಮನೆಯಲ್ಲಿ ಕರಿಗಡುಬು ಸದ್ದಿಲ್ಲದೆ ನಿಂತುಹೋಗಿದೆ. ನಮ್ಮ ಮಕ್ಕಳಲ್ಲಿ ಕೆಲವರಿಗೆ ಅದು ಅಂಗಡಿಯ ಪೊಟ್ಟಣದಲ್ಲಿ ಬರುವ ಒಂದು ತಿಂಡಿ, ಅಷ್ಟೆ. ಅದನ್ನು ಕೈಯಿಂದ ಮಾಡುತ್ತಾರೆ ಎಂಬುದೇ ಅವರಿಗೆ ಹೊಸ ಸುದ್ದಿ.

ಊರಿನಿಂದ ನಮ್ಮ ಸೋದರತ್ತೆ ಬಂದಿದ್ದಾಗ ಈ ಯಂತ್ರವನ್ನು ತೋರಿಸಿ, ಹಬ್ಬಕ್ಕೆ ಇದರಲ್ಲೇ ಕರಿಗಡುಬು ಎಂದೆವು. ಅವರು ಕನ್ನಡಕ ಸರಿಮಾಡಿಕೊಂಡು, "ಏನಪ್ಪಾ ಡಾಕ್ಟ್ರೇ, ಕರೀದೇ ಇದ್ರೆ ಅದು ಕರಿಗಡುಬು ಹ್ಯಾಗಾಗುತ್ತೆ? ಇದು ಗಾಳಿಗಡುಬು ಕಣೋ!" ಎಂದರು. ಮಾತಿನಲ್ಲಿ ವ್ಯಾಕರಣವೂ ಇದೆ, ವಿಜ್ಞಾನವೂ ಇದೆ. ಅವರ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವುದೇ ನಮ್ಮ ಇಂದಿನ ಭಾಷಣ.

ಮೊದಲು ವ್ಯಾಕರಣ. ಕಡುಬು ಎಂಬುದು ದೊಡ್ಡ ಮನೆತನದ ಹೆಸರು. ಮಲೆನಾಡಿನಲ್ಲಿ ಅಕ್ಕಿತರಿಯ ಕಡುಬು, ಕರಾವಳಿಯಲ್ಲಿ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯುವ ಕೊಟ್ಟೆಕಡುಬು, ಉತ್ತರ ಕರ್ನಾಟಕದಲ್ಲಿ ಹೂರಣ ತುಂಬಿ ಬೇಯಿಸಿ ತುಪ್ಪ ಹಾಕಿಕೊಂಡು ತಿನ್ನುವ ಹೂರಣಗಡುಬು. ಇವೆಲ್ಲ ಎಣ್ಣೆಯ ಮುಖವನ್ನೇ ಕಾಣದ ಕಡುಬುಗಳು. ಎಣ್ಣೆಯಲ್ಲಿ ಇಳಿದು ಗರಿಗರಿಯಾದದ್ದು ಮಾತ್ರ ಕರಿಗಡುಬು. ಅದೇ ಕೆಲವು ಕಡೆ ಕರ್ಜಿಕಾಯಿ, ಕೆಲವು ಕಡೆ ಕಜ್ಜಿಕಾಯಿ. ಕೊಂಕಣಿಯವರಿಗೆ ನೆವ್ರಿ, ಮರಾಠಿಯವರಿಗೆ ಕರಂಜಿ, ಉತ್ತರದವರಿಗೆ ಗುಜಿಯಾ. ಹೂರಣ ತುಂಬುವ ಕಡುಬುಗಳಿಗೆಲ್ಲ ಹಿಟ್ಟಿನ ಚೀಲದ ಅಂಚು ಮುಚ್ಚುವುದೊಂದೇ ಸಾಮಾನ್ಯ. ಬೆಂಕಿ ಯಾವ ದಾರಿಯಿಂದ ಬರಬೇಕೆಂಬುದನ್ನು ಆಯಾ ಸೀಮೆಯವರು ತಮ್ಮ ಅನುಕೂಲ ನೋಡಿ ತೀರ್ಮಾನಿಸಿದ್ದಾರೆ.

ಎಣ್ಣೆಯೂ ಇಲ್ಲದೆ ಹಬೆಯೂ ಇಲ್ಲದೆ ಸುತ್ತಲಿಂದ ಶಾಖ ಕೊಟ್ಟು ಬೇಯಿಸುವುದು ನಮ್ಮವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ಸೂಪಶಾಸ್ತ್ರ, ಅಡಿಗೆಯನ್ನೇ ವಿಷಯವಾಗಿಟ್ಟುಕೊಂಡ ಕನ್ನಡ ಕಾವ್ಯ. ಅದರಲ್ಲಿ ಮುಚ್ಚಳ ರೊಟ್ಟಿ ಎಂಬುದೊಂದು ಬರುತ್ತದೆ. ಗೋಧಿಯ ಕಣಕವನ್ನು ಕಾವಲಿಯಲ್ಲಿಟ್ಟು ಮುಚ್ಚಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸಿ, ಆಮೇಲೆ ತುಪ್ಪ ಸಕ್ಕರೆ ಸವರುವುದು. ಇನ್ನು ನಮ್ಮ ಯಂತ್ರವೇನು? ಕೆಂಡದ ಬದಲು ವಿದ್ಯುತ್ತಿನ ಸುರುಳಿ, ಅದರ ಮೇಲೊಂದು ಬೀಸಣಿಗೆ.

ಇಲ್ಲಿಗೆ ವಿಜ್ಞಾನ ಶುರುವಾಯಿತು. ಏರ್ ಫ್ರೈಯರ್ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ಗಾಳಿಯಲ್ಲಿ ಯಾರೂ ಏನನ್ನೂ ಕರಿಯಲಾರರು. ಹಾಲೆಂಡಿನ ಫ್ರೆಡ್ ಫಾನ್ ಡೆರ್ ವೈ ಎಂಬುವರು ಆಲೂಗೆಡ್ಡೆಯ ಚಿಪ್ಸ್ ಗರಿಗರಿಯಾಗಬೇಕೆಂದು ತಲೆ ಓಡಿಸಿದ್ದು. ಫಿಲಿಪ್ಸ್ ಕಂಪನಿ ೨೦೧೦ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಒಳಗಿರುವುದು ಒಂದು ಪುಟ್ಟ ಓವನ್. ಜಾಗ ಚಿಕ್ಕದು, ಬೀಸಣಿಗೆ ಜೋರು. ಆದ್ದರಿಂದ ಬಿಸಿಗಾಳಿ ಪದಾರ್ಥದ ಮೈಗೆ ರಭಸವಾಗಿ ಬಡಿದು, ಮೇಲಿನ ತೇವವನ್ನು ಬೇಗ ಒಣಗಿಸುತ್ತದೆ.

ಎಣ್ಣೆಯ ಕೆಲಸ ಬೇರೆ ತರಹ. ೧೭೦ ಡಿಗ್ರಿ ಕಾದ ಎಣ್ಣೆಗೆ ಕಡುಬು ಇಳಿದೊಡನೆ ಕಣಕದಲ್ಲಿರುವ ನೀರು ಆವಿಯಾಗಿ ಗುಳ್ಳೆಗುಳ್ಳೆಯಾಗಿ ಹೊರಡುತ್ತದೆ. ನಮ್ಮ ಕಿವಿಗೆ ಬೀಳುವ 'ಚೊಂಯ್' ಸದ್ದು ಅದೇ. ಎಣ್ಣೆ ಗಾಳಿಗಿಂತ ಬಹಳ ವೇಗವಾಗಿ ಶಾಖ ಕೊಡುತ್ತದೆ, ಎಲ್ಲ ಮೂಲೆಗೂ ಸಮನಾಗಿ ಕೊಡುತ್ತದೆ. ಜೊತೆಗೆ ಕಣಕದ ಪದರಗಳಿಗೆ ಜಿಡ್ಡನ್ನೂ ಕೊಡುತ್ತದೆ. ಸ್ವಾರಸ್ಯವೇನೆಂದರೆ, ಕಡುಬು ಎಣ್ಣೆ ಕುಡಿಯುವುದು ಹೆಚ್ಚಾಗಿ ಬಾಣಲೆಯಲ್ಲಿರುವಾಗಲ್ಲ, ಹೊರಗೆ ತೆಗೆದ ಮೇಲೆ. ಒಳಗಿನ ಆವಿ ತಣಿದು ಕುಗ್ಗಿದಾಗ ಮೈಮೇಲಿನ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಜಾಲರಿ ಸಟ್ಟುಗದಲ್ಲಿ ಎತ್ತಿ, ಬಾಣಲೆಯ ಅಂಚಿಗೆ ಒಂದೆರಡು ಸಲ ಕುಟ್ಟಿ ಎಣ್ಣೆ ಬಸಿಯುತ್ತಿದ್ದ ನಮ್ಮ ಅಜ್ಜಿಯಂದಿರು ಭೌತಶಾಸ್ತ್ರ ಓದದೆಯೇ ಅದನ್ನು ಬಲ್ಲವರಾಗಿದ್ದರು.

ಹೊಂಬಣ್ಣ ಮತ್ತು ಆ ಘಮಘಮ ಮಾತ್ರ ಎರಡೂ ವಿಧಾನಕ್ಕೆ ಸಾಮಾನ್ಯ. ಅದು ಹಿಟ್ಟಿನ ಪ್ರೋಟೀನು ಮತ್ತು ಸಕ್ಕರೆ ಶಾಖದಲ್ಲಿ ಕೂಡುವ ಕ್ರಿಯೆ. ೧೯೧೨ರಲ್ಲಿ ಅದನ್ನು ವಿವರಿಸಿದ ಲೂಯಿ ಕಮೀಯ್ ಮಯಾರ್ ಎಂಬ ಫ್ರೆಂಚ್ ವಿಜ್ಞಾನಿ ನಮ್ಮ ಹಾಗೆ ವೈದ್ಯರೇ. ವೈದ್ಯರಿಗೂ ಅಡಿಗೆಮನೆಗೂ ನಂಟು ಹಳೆಯದು ಎಂದು ಹೇಳಿಕೊಳ್ಳಲು ನಮಗೊಂದು ಆಧಾರ ಸಿಕ್ಕಿತು!

ಇಷ್ಟು ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ. ಹೊರಗಿನಿಂದ ಬರುತ್ತಿದ್ದ ಜಿಡ್ಡು ಇನ್ನು ಬರುವುದಿಲ್ಲ. ಆದ್ದರಿಂದ ಕಣಕದ ಒಳಗೇ ಅದನ್ನು ಮೊದಲೇ ಇಡಬೇಕು. ಊರಿನ ಕಣಕವನ್ನೇ ತಂದು ಈ ಬುಟ್ಟಿಯಲ್ಲಿಟ್ಟರೆ ಒಣಗಿದ ಚಪಾತಿಯಂಥ ಬಿಳಿಚಿಕೊಂಡ ವಸ್ತು ಹೊರಬರುತ್ತದೆ. ಏರ್ ಫ್ರೈಯರ್ ಕೊಂಡು ಒಂದು ಸಲ ಪ್ರಯತ್ನಿಸಿ, ಅದನ್ನು ಅಟ್ಟಕ್ಕೆ ಹಾಕಿದವರೆಲ್ಲರ ದೂರು ಇದೇ. ಯಂತ್ರಕ್ಕೆ ತಕ್ಕ ಕಣಕ ಬೇಕು.

ಈಗ ಅಳತೆ. ಪೆನ್ನು ಇದ್ದವರು ಬರೆದುಕೊಳ್ಳಿ. ಇಲ್ಲಿ ಕ್ರೀಮ್ ಫ್ಲೋರ್ ಎಂದು ಮಾರುವ ಹಿಟ್ಟು ನಮ್ಮ ಮೈದಾಕ್ಕೆ ಹತ್ತಿರ. ಅದು ೨೫೦ ಗ್ರಾಂ. ಚಿರೋಟಿ ರವೆ ೫೦ ಗ್ರಾಂ. ಸಿಗದಿದ್ದರೆ ದಪ್ಪ ರವೆಯನ್ನೇ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ. ಒಂದು ಚಿಟಿಕೆ ಉಪ್ಪು. ಕರಿಯುವ ಕಣಕಕ್ಕೆ ಎರಡು ಚಮಚ ಜಿಡ್ಡು ಸಾಕು. ಹೆಚ್ಚಾದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಆ ಭಯವಿಲ್ಲ. ೬೦ ಗ್ರಾಂ ಬೆಚ್ಚಗಿನ ತುಪ್ಪ ಹಾಕಿ, ಬೆರಳ ತುದಿಯಿಂದ ಹಿಟ್ಟಿಗೆಲ್ಲ ತಿಕ್ಕಿ. ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಕಟ್ಟಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳಿನಿಂದ ಮುಟ್ಟಿದರೆ ಉದುರಬೇಕು. ಆಮೇಲೆ ತಣ್ಣನೆಯ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಸುಮಾರು ೧೨೦ ಮಿಲಿಲೀಟರ್ ಹಿಡಿಯುತ್ತದೆ. ಪೂರಿಯ ಹಿಟ್ಟಿನಷ್ಟು ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ತುಪ್ಪದ ಚಿಂತೆ ಬೇಡ. ನಾವಿರುವುದು ಬೆಣ್ಣೆಯ ಸೀಮೆಯಲ್ಲಿ. ಶಾಂಡನ್ ಬೆಟ್ಟದ ಮೇಲೆ ೧೭೭೦ರಲ್ಲಿ ಶುರುವಾದ ಕಾರ್ಕಿನ ಬೆಣ್ಣೆ ಪೇಟೆ ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದೆನಿಸಿತ್ತು. ಈಗ ಅಲ್ಲಿ ಬೆಣ್ಣೆಯ ವಸ್ತುಸಂಗ್ರಹಾಲಯವಿದೆ, ಊರಿನಿಂದ ಬಂದವರಿಗೆ ತೋರಿಸಿ. ಉಪ್ಪು ಹಾಕದ ಬೆಣ್ಣೆ ತಂದು ಸಣ್ಣ ಉರಿಯಲ್ಲಿ ಕಾಯಿಸಿದರೆ ಮನೆಯೆಲ್ಲ ತವರಿನ ವಾಸನೆ.

ಹೂರಣಕ್ಕೆ ಒಣಕೊಬ್ಬರಿ ತುರಿ ೧೦೦ ಗ್ರಾಂ, ಹುರಿಗಡಲೆ ಪುಡಿ ೧೦೦ ಗ್ರಾಂ, ಸಕ್ಕರೆ ಪುಡಿ ೧೨೦ ಗ್ರಾಂ, ಹುರಿದ ಗಸಗಸೆ ಒಂದು ಚಮಚ, ಆರು ಏಲಕ್ಕಿ. ಕೊಬ್ಬರಿಯನ್ನು ಬಿಸಿ ಮಾಡಿ ಸಾಕು, ಕೆಂಪಗಾಗಿಸಬೇಡಿ. ಮುಂದೆ ಯಂತ್ರದಲ್ಲಿ ಅದಕ್ಕೆ ಇನ್ನೂ ಶಾಖ ಕಾದಿದೆ. ಮಕ್ಕಳ ಡಬ್ಬಿಗೆ ಕಳಿಸುವವರು ಕಡಲೆಕಾಯಿ, ಗೋಡಂಬಿ ಹಾಕುವ ಮೊದಲು ಶಾಲೆಯ ನಿಯಮ ನೋಡಿಕೊಳ್ಳಿ. ಇಲ್ಲಿನ ಅನೇಕ ಶಾಲೆಗಳಲ್ಲಿ ಅಲರ್ಜಿಯ ಕಾರಣಕ್ಕೆ ಅವು ನಿಷಿದ್ಧ.

ಇಷ್ಟರಲ್ಲಿ ಇಪ್ಪತ್ತೈದು ಕಡುಬು ಆಗುತ್ತವೆ. ಸಣ್ಣ ಪೂರಿ ಲಟ್ಟಿಸಿ, ಒಂದು ದೊಡ್ಡ ಚಮಚ ಹೂರಣ ಇಟ್ಟು, ಅಂಚಿಗೆ ಹಾಲು ಸವರಿ, ಮಡಿಸಿ ಒತ್ತಿ. ಅಚ್ಚು ಇದ್ದರೆ ಸರಿ. ಕೈಯಿಂದ ಅಂಚನ್ನು ಜಡೆಯ ಹಾಗೆ ಹೆಣೆಯಲು ಬಂದರೆ ಇನ್ನೂ ಸರಿ. ಬಾಣಲೆಯಲ್ಲಿ ಒಂದು ಕಡುಬು ಬಾಯಿ ಬಿಟ್ಟರೆ ಹೂರಣವೆಲ್ಲ ಎಣ್ಣೆಗೆ ಸೇರಿ, ಸುಟ್ಟು, ಉಳಿದ ಕಡುಬುಗಳಿಗೂ ಮಸಿ ಬಳಿಯುತ್ತದೆ. ಇಲ್ಲಿ ಬಾಯಿ ಬಿಟ್ಟ ಕಡುಬು ತನ್ನನ್ನು ಮಾತ್ರ ಕೆಡಿಸಿಕೊಳ್ಳುತ್ತದೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಉದಾರಿಯಾದ ಗುರು ಇಲ್ಲ.

ಯಂತ್ರವನ್ನು ಮೂರು ನಿಮಿಷ ಖಾಲಿಯಾಗಿ ಕಾಯಿಸಿ. ಕಡುಬಿನ ಎರಡೂ ಮೈಗೆ ತುಪ್ಪ ತೆಳ್ಳಗೆ ಸವರಿ, ಒಂದಕ್ಕೊಂದು ತಾಗದಂತೆ ಆರೇಳನ್ನು ಮಾತ್ರ ಜೋಡಿಸಿ. ಒಂದರ ಮೇಲೊಂದು ಹೇರಿದರೆ ಗಾಳಿ ಆಡುವುದಿಲ್ಲ, ಗಾಳಿ ಆಡದಿದ್ದರೆ ಈ ಯಂತ್ರಕ್ಕೆ ಬೇರೆ ವಿದ್ಯೆ ಗೊತ್ತಿಲ್ಲ. ೧೭೦ ಡಿಗ್ರಿಯಲ್ಲಿ ಏಳು ನಿಮಿಷ, ತಿರುವಿ ಹಾಕಿ ಮತ್ತೆ ಐದಾರು ನಿಮಿಷ. ಯಂತ್ರದಿಂದ ಯಂತ್ರಕ್ಕೆ ಸ್ವಲ್ಪ ವ್ಯತ್ಯಾಸವಿರುತ್ತದೆ, ಕೊನೆಯ ಎರಡು ನಿಮಿಷ ಕಣ್ಣಿಟ್ಟಿರಿ. ಹೊಂಬಣ್ಣಕ್ಕೆ ನಿಲ್ಲಿಸಿ, ಕಂದು ಬಣ್ಣಕ್ಕೆ ಹೋಗಬೇಡಿ. ಹಿಟ್ಟಿನ ಪದಾರ್ಥಗಳು ೧೨೦ ಡಿಗ್ರಿ ಮೀರಿ ಕಾದಾಗ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಹುಟ್ಟುತ್ತದೆಂದು ೨೦೦೨ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಬಣ್ಣ ಕಪ್ಪಾದಷ್ಟೂ ಅದು ಹೆಚ್ಚು. ಎಣ್ಣೆಗೂ ಗಾಳಿಗೂ ಈ ಮಾತು ಒಂದೇ.

ತೆಗೆದ ಕೂಡಲೇ ತಿನ್ನಬೇಡಿ. ಬಿಸಿಯಾಗಿರುವಾಗ ಮೆತ್ತಗೆ ಕಾಣುತ್ತದೆ, ಜಾಲರಿಯ ಮೇಲೆ ಪೂರ್ತಿ ಆರಿದ ಮೇಲೆ ಗರಿಗರಿ. ಆರಿಸದೆ ಡಬ್ಬಿಗೆ ತುಂಬಿದರೆ ಈ ಊರಿನ ತೇವ ಒಂದೇ ರಾತ್ರಿಯಲ್ಲಿ ಮೆತ್ತಗೆ ಮಾಡುತ್ತದೆ. ಹಾಗಾದರೂ ಗಾಬರಿಯಿಲ್ಲ, ೧೫೦ ಡಿಗ್ರಿಯಲ್ಲಿ ಮೂರು ನಿಮಿಷ ಇಟ್ಟರೆ ಮತ್ತೆ ಜೀವ ಬರುತ್ತದೆ. ಕಡಲೆಬೇಳೆ ಬೆಲ್ಲದ ಹಸಿ ಹೂರಣ ಹಾಕಿದ್ದಾದರೆ ಎರಡು ದಿನದೊಳಗೆ ಮುಗಿಸಿ.

ರುಚಿ ಹೇಗೆ? ಮುಚ್ಚುಮರೆ ಬೇಡ. ಕರಿದ ಕಡುಬಿನ ಮೈಮೇಲಿನ ಸಣ್ಣ ಸಣ್ಣ ಗುಳ್ಳೆಗಳು ಇಲ್ಲಿ ಬರುವುದಿಲ್ಲ. ಮೈ ನುಣುಪು, ಕಚ್ಚಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಕೊಬ್ಬರಿ ಏಲಕ್ಕಿಯ ಪರಿಮಳ ಮಾತ್ರ ಎಣ್ಣೆಯ ವಾಸನೆಯ ಅಡ್ಡಿಯಿಲ್ಲದೆ ಮುಂದೆ ಬರುತ್ತದೆ. ಸೋದರತ್ತೆ ಒಂದು ತಿಂದು, ಎರಡನೆಯದನ್ನು ಕೈಗೆತ್ತಿಕೊಂಡು ತೀರ್ಪು ಕೊಟ್ಟರು: "ಕರಿಗಡುಬು ಅಲ್ಲ. ಆದ್ರೆ ಕಡುಬು ಹೌದು." ಇದಕ್ಕಿಂತ ಸರಿಯಾದ ಮಾತನ್ನು ನಾವೂ ಆಡಲಾರೆವು.

ಇನ್ನು ವೈದ್ಯರ ಪಾಲಿನ ಮಾತು. ಏರ್ ಫ್ರೈಯರ್‌ನದು ಆರೋಗ್ಯದ ತಿಂಡಿ ಎಂದುಕೊಂಡು ತಟ್ಟೆಯ ಮೇಲೆ ಗುಡ್ಡೆ ಹಾಕಿಕೊಳ್ಳುವವರಿಗಾಗಿ ಒಂದು ಸಣ್ಣ ಲೆಕ್ಕ. ಮೇಲೆ ಹೇಳಿದ ಅಳತೆಯಲ್ಲಿ ಹಿಟ್ಟು, ಸಕ್ಕರೆ, ಕೊಬ್ಬರಿ, ಹುರಿಗಡಲೆ ಸೇರಿ ಸುಮಾರು ೨,೫೫೦ ಕ್ಯಾಲೊರಿ. ತುಪ್ಪ, ಸವರಿದ್ದೂ ಸೇರಿ ೭೦ ಗ್ರಾಂ. ಗ್ರಾಮಿಗೆ ೯ರಂತೆ ೬೩೦ ಕ್ಯಾಲೊರಿ. ಇಪ್ಪತ್ತೈದರಿಂದ ಭಾಗಿಸಿದರೆ ಒಂದು ಕಡುಬಿಗೆ ಹೆಚ್ಚುಕಡಿಮೆ ೧೨೫. ಅಂದರೆ ಐದರಲ್ಲಿ ನಾಲ್ಕು ಪಾಲು ಶಕ್ತಿ ಹಿಟ್ಟು ಮತ್ತು ಹೂರಣದ್ದು. ಯಂತ್ರ ಕೈಯಾಡಿಸುವುದು ಉಳಿದ ಒಂದು ಪಾಲಿನ ಮೇಲೆ ಮಾತ್ರ. ಅದರಲ್ಲೂ ನಾವು ಕಣಕಕ್ಕೆ ತುಪ್ಪ ಸೇರಿಸಿದ್ದೇವೆ. ತುಪ್ಪ, ಕೊಬ್ಬರಿ ಎರಡರಲ್ಲೂ ಪೂರಿತ ಕೊಬ್ಬು ಇದೆ. ಬೇಕಾದವರು ಅರ್ಧ ತುಪ್ಪ, ಅರ್ಧ ಸೂರ್ಯಕಾಂತಿ ಎಣ್ಣೆ ಹಾಕಿಕೊಳ್ಳಬಹುದು. ಮೂರು ಕಡುಬು ತಿಂದರೆ ೩೭೫ ಕ್ಯಾಲೊರಿ; ಅದನ್ನು ಬೀಸಣಿಗೆ ಬೀಸಿ ಹಾರಿಸಲಾಗುವುದಿಲ್ಲ.

ನಮ್ಮ ಜನಕ್ಕೆ ಈ ಲೆಕ್ಕ ಸ್ವಲ್ಪ ಹೆಚ್ಚೇ ಬೇಕು. ದಕ್ಷಿಣ ಏಷ್ಯಾದವರಿಗೆ ಸಕ್ಕರೆ ಕಾಯಿಲೆ ಯುರೋಪಿನವರಿಗಿಂತ ಕಡಿಮೆ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲಿ ಬರುತ್ತದೆ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕದಲ್ಲಿ ಇತರರಿಗೆ ೨೫ ಎಚ್ಚರಿಕೆಯ ಗಂಟೆಯಾದರೆ, ಏಷ್ಯಾದವರು ೨೩ಕ್ಕೇ ಎಚ್ಚೆತ್ತುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ೨೦೦೪ರಲ್ಲಿ ಸೂಚಿಸಿದರು. ಹಬ್ಬದ ದಿನ ಕಡುಬು ಬಿಡಿ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳುವ ವೈದ್ಯರ ಮಾತನ್ನು ನೀವು ಕೇಳುವುದೂ ಇಲ್ಲ. ಎಣಿಸಿ ತಿನ್ನಿ, ಹಬ್ಬದ ದಿನ ತಿನ್ನಿ, ಆ ಹೊತ್ತಿನ ಅನ್ನವನ್ನು ಒಂದು ಸೌಟು ಇಳಿಸಿ. ಯಂತ್ರ ಸುಲಭವಾಯಿತೆಂದು ಪ್ರತಿ ಶನಿವಾರ ಹಬ್ಬ ಮಾಡಬೇಡಿ.

ಆದರೆ ಒಂದು ವಿಷಯದಲ್ಲಿ ಈ ಯಂತ್ರದ ಪರವಾಗಿ ನಾವು ಎದೆ ತಟ್ಟಿ ಸಾಕ್ಷಿ ಹೇಳುತ್ತೇವೆ. ಕಾದ ಎಣ್ಣೆಯ ಸುಟ್ಟಗಾಯವನ್ನು ಆಸ್ಪತ್ರೆಯಲ್ಲಿ ಕಂಡವರು ಅದನ್ನು ಮರೆಯುವುದಿಲ್ಲ. ನೀರು ಕುದಿಯುವುದು ೧೦೦ ಡಿಗ್ರಿಯಲ್ಲಿ. ಕರಿಯುವ ಎಣ್ಣೆ ೧೭೦ರ ಮೇಲೆ, ಸಾಲದ್ದಕ್ಕೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕಾಲಡಿಯಲ್ಲಿ ಮಗು, ಕೈಗೆಟಕುವ ಬಾಣಲೆಯ ಹಿಡಿ, ಹಬ್ಬದ ಗಡಿಬಿಡಿ: ಇವು ಮೂರೂ ಕೂಡುವುದು ದೀಪಾವಳಿಯಂದೇ. ಬಾಣಲೆ ಇಡುವ ಮನೆಯವರು ಇಷ್ಟನ್ನು ಮಾತ್ರ ಮನೆಗೆ ಒಯ್ಯಿರಿ. ಎಣ್ಣೆಗೆ ಬೆಂಕಿ ಹತ್ತಿಕೊಂಡರೆ ನೀರು ಹಾಕಬಾರದು, ಬಾಣಲೆಯನ್ನು ಎತ್ತಿಕೊಂಡು ಓಡಬಾರದು. ಕೈಗೆ ಅಪಾಯವಿಲ್ಲದಿದ್ದರೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕು, ಆಗದಿದ್ದರೆ ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ ೧೧೨ ಅಥವಾ ೯೯೯ಕ್ಕೆ ಕರೆ ಮಾಡಬೇಕು. ಮೈ ಸುಟ್ಟರೆ ತಣ್ಣನೆಯ ನಲ್ಲಿ ನೀರಿನ ಕೆಳಗೆ ಪೂರ್ತಿ ಇಪ್ಪತ್ತು ನಿಮಿಷ ಹಿಡಿಯಬೇಕು. ಎರಡು ನಿಮಿಷ ಸಾಲದು, ಇಪ್ಪತ್ತು. ಬಳೆ, ಉಂಗುರ ಬೇಗ ತೆಗೆಯಬೇಕು. ಅರಿಶಿನ, ಬೆಣ್ಣೆ, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದೂ ಬೇಡ. ಆಮೇಲೆ ಅಡಿಗೆಮನೆಯ ಅಂಟುಹಾಳೆಯನ್ನು ಸಡಿಲವಾಗಿ ಹೊದಿಸಿ ವೈದ್ಯರ ಬಳಿಗೆ. ಮಗುವಿನ ಸುಟ್ಟಗಾಯ ಎಷ್ಟೇ ಚಿಕ್ಕದಿರಲಿ, ತೋರಿಸಲು ಸಂಕೋಚ ಬೇಡ. ಇಂದಿನ ಭಾಷಣದಲ್ಲಿ ಉಳಿದೆಲ್ಲವನ್ನು ಮರೆತರೂ ಈ ಇಪ್ಪತ್ತು ನಿಮಿಷ ನೆನಪಿರಲಿ.

ಕೊನೆಯದಾಗಿ, ಅಡಿಗೆಮನೆಯಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಎಂಬ ವಿಚಾರ. ಊರಿನಲ್ಲಿ ಹಬ್ಬದ ಹಿಂದಿನ ದಿನ ಒಬ್ಬರು ಲಟ್ಟಿಸುವುದು, ಒಬ್ಬರು ತುಂಬುವುದು, ಒಬ್ಬರು ಅಂಚು ಹೆಣೆಯುವುದು. ಮಕ್ಕಳ ಪಾಲಿಗೆ ಬರುತ್ತಿದ್ದುದು ಬೈಗುಳ: "ದೂರ ಹೋಗ್ರೋ, ಎಣ್ಣೆ ಸಿಡಿಯುತ್ತೆ!" ಬಾಣಲೆಯ ಮುಂದೆ ನಿಂತವರು ಸಾಮಾನ್ಯವಾಗಿ ತಾಯಿಯೋ ಅತ್ತೆಯೋ. ಎಲ್ಲರೂ ತಿಂದು ಮುಗಿಸುವ ತನಕ ಅವರಿಗೆ ಕೂರಲು ಬಿಡುವಿರಲಿಲ್ಲ. ಕೂತಾಗ ಎಣ್ಣೆಯ ಹೊಗೆಗೆ ಹಸಿವೇ ಸತ್ತಿರುತ್ತಿತ್ತು. ಈ ಯಂತ್ರ ನಿಧಾನದ್ದು, ನಿಜ. ಇಪ್ಪತ್ತೈದು ಕಡುಬಿಗೆ ನಾಲ್ಕು ಸರದಿ, ಸುಮಾರು ಒಂದು ಗಂಟೆ. ಆ ಒಂದು ಗಂಟೆ ಯಾರೂ ಒಲೆಯ ಮುಂದೆ ನಿಲ್ಲಬೇಕಾಗಿಲ್ಲ. ಎಲ್ಲರೂ ಮೇಜಿನ ಸುತ್ತ ಕೂರಬಹುದು. ಮಕ್ಕಳು ಅಂಚು ಒತ್ತುತ್ತಾರೆ. ಕಣಕ, ಹೂರಣ, ಲಟ್ಟಣಿಗೆ ಎಂಬ ಮಾತುಗಳು ಅವರ ನಾಲಿಗೆಗೆ ಪಾಠವಿಲ್ಲದೆ ಬರುತ್ತವೆ. ಒಬ್ಬೊಬ್ಬರ ಕಡುಬು ಒಂದೊಂದು ಆಕಾರ. ಬುಟ್ಟಿಯಿಂದ ಹೊರಬಂದಾಗ "ಇದು ನಂದು" ಎಂದು ಕಿತ್ತಾಟ. ಈ ಕಿತ್ತಾಟ ಪೊಟ್ಟಣದ ತಿಂಡಿಯಲ್ಲಿ ಸಿಗುವುದಿಲ್ಲ.

ಬಾಣಲೆಯ ಧೈರ್ಯವಿರುವ ಮನೆಗಳಲ್ಲಿ ಬಾಣಲೆ ಉರಿಯಲಿ, ಆ ಕರಿಗಡುಬಿಗೆ ಸಾಟಿಯಿಲ್ಲ. ನಮ್ಮನ್ನೂ ಊಟಕ್ಕೆ ಕರೆಯಿರಿ. ಧೈರ್ಯವಿಲ್ಲದೆ ಹಬ್ಬವನ್ನೇ ಬಿಟ್ಟ ಮನೆಗಳಿಗೆ ನಮ್ಮ ವಿನಂತಿ: ಕರಿಯುವುದನ್ನು ಬೇಕಾದರೆ ಬಿಡಿ, ಕಡುಬನ್ನು ಬಿಡಬೇಡಿ. ಮುಂದಿನ ವಾರ್ಷಿಕೋತ್ಸವಕ್ಕೆ ಪ್ರತಿ ಮನೆಯಿಂದ ಒಂದು ಡಬ್ಬಿ ಕಡುಬು ಬರಲಿ, ಅದರಲ್ಲಿ ಮಕ್ಕಳು ಮಡಿಸಿದ ಸೊಟ್ಟ ಕಡುಬುಗಳನ್ನು ಮೇಲಿಡಿ. ಸಂಘದ ಊಟಕ್ಕೆ ಇನ್ನೂರು ಮುನ್ನೂರು ಮಾಡುವವರು ಏರ್ ಫ್ರೈಯರ್ ನಂಬಿ ಕೂರಬೇಡಿ. ಅದೇ ಕಣಕ, ದೊಡ್ಡ ಓವನ್, ೧೮೦ ಡಿಗ್ರಿ, ಹದಿನೆಂಟರಿಂದ ಇಪ್ಪತ್ತು ನಿಮಿಷ.

ಸಮಿತಿಯವರು ಗಡಿಯಾರ ತೋರಿಸುತ್ತಿದ್ದಾರೆ, ಊಟದ ಸಾಲಿನಿಂದ ಜಾಮೂನಿನ ಪರಿಮಳವೂ ಬರುತ್ತಿದೆ. ಒಂದೇ ಒಂದು ಹಾಕಿಸಿಕೊಳ್ಳಿ ಎಂದು ಹೇಳುವುದು ವೈದ್ಯರಾದ ನಮ್ಮ ಕರ್ತವ್ಯ. 

ಸಿರಿಗನ್ನಡಂ ಗೆಲ್ಗೆ.